ಪಟ್ಟಾಭಿ ಮಾಮನ ಆಕಳಿಕೆ

ಪಟ್ಟಾಭಿ ಮಾಮನಿಗೆ ಆಕಳಿಕೆ ಶುರುವಾದರೆ ಮುಗಿಯುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಮೊದಲು ಹುಬ್ಬು ಮೇಲೇರುತ್ತಿತ್ತು, ಆಮೇಲೆ ಗದ್ದ ಕೆಳಗಿಳಿಯುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಬಾಯಿ ಮತ್ತೂ ಒಂದಿಷ್ಟು ತೆರೆದುಕೊಳ್ಳುತ್ತಿತ್ತು. ಕೊನೆಗೆ ಬಲಗೈ ಎತ್ತಿ ಬಾಯಿಯ ಮುಂದೆ ಪಟಪಟನೆ ಚಿಟಿಕೆ ಹೊಡೆದು, "ನಾರಾಯಣ" ಎಂದು ಮುಗಿಸುತ್ತಿದ್ದರು. ನನ್ನ ಗಂಡನಂತೂ ಅವರ ಜೊತೆ ಮಾತಿಗೆ ಕೂತರೆ ತಾನೂ ಕಣ್ಣಲ್ಲಿ ನೀರು ಬರುವಷ್ಟು ಆಕಳಿಸಿ ಎದ್ದು ಬರುತ್ತಿದ್ದ.

ಪೆರಂಬೂರಿನಲ್ಲಿ ನಾವಿದ್ದದ್ದು ಮಹಡಿಯ ಮೇಲೆ, ಕೆಳಗೆ ಅವರು ಮತ್ತು ಮಾಮಿ. ಮಾಮ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ರಿಟೈರಾದವರು. ಮೂಲ ಮೈಸೂರು ಕಡೆ. ಆದರೆ ಮದರಾಸಿನಲ್ಲೇ ತಲೆ ಹಣ್ಣಾಗಿ, ಅವರ ಕನ್ನಡದ ಅನ್ನಕ್ಕೆ ತಮಿಳಿನ ಸಾರು ಧಾರಾಳವಾಗಿ ಬೀಳುತ್ತಿತ್ತು.

ನನ್ನ ಮಗಳು ಜಾನುಗೆ ಆಗ ಮೂರು ವರ್ಷ. ಮಧ್ಯಾಹ್ನದ ನಿದ್ದೆ ಎಂದರೆ ಅವಳಿಗೆ ಸುತರಾಂ ಆಗದು. ಮಲಗಿದ್ದ ಮಕ್ಕಳ ಕಣ್ಣುರೆಪ್ಪೆ ಎಳೆದು ಎಬ್ಬಿಸುತ್ತಾಳೆಂದು ಬೇಬಿ ಕೇರ್‌ನವರು ಕೈಮುಗಿದು ವಾಪಸು ಕಳಿಸಿದ್ದರು. ಗಿಂಡಿಯಲ್ಲಿದ್ದ ನನ್ನ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದರೇನೋ ನಿಜ. ಆದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ಮಗುವಿನ ಕಿರುಚಾಟ ಇನ್ನೊಮ್ಮೆ ಕೇಳಿಸಿದರೆ ದಿನವೂ ಆಫೀಸಿಗೇ ಬರಬೇಕು ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ. ಅಂದರೆ ಕೆಲಸ ಬಿಡುವುದೊಂದೇ ಬಾಕಿ.

ಒಂದು ಮಧ್ಯಾಹ್ನ ಅವಳನ್ನು ಹೆಗಲಿಗೆ ಹಾಕಿಕೊಂಡು, "ಮಲಗದಿದ್ರೆ ಪೂಚ್ಚಾಂಡಿ ಬರ್ತಾನೆ" ಎಂದು ಹೆದರಿಸುತ್ತ ಮೆಟ್ಟಿಲ ಮೇಲೆ ಓಡಾಡುತ್ತಿದ್ದೆ. ಮಾಮ ಬಾಗಿಲಿಗೆ ಬಂದರು.

"ಭಯಪಡಿಸಿದ್ರೆ ಯಾರಿಗಮ್ಮಾ ತೂಕ್ಕಂ, ನಿದ್ದೆ ಬರುತ್ತೆ? ಇಲ್ಲಿ ಬಿಟ್ಟು ನೀನು ಮೀಟಿಂಗ್ ನೋಡ್ಕೋ ಹೋಗು."

ಅವಳನ್ನು ಇಳಿಸಿದೆ. ಮಾಮ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, "ಪಾಪು, ತಾತಂಗೆ ನಿದ್ದೇನೇ ಬರಲ್ಲ ಕಣೆ. ಮಾಮಿ ಬೈತಾಳೆ. ನೀನು ಸ್ವಲ್ಪ ಮಲಗಿಸ್ತೀಯಾ?" ಎಂದರು.

ಜಾನು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುವವಳು. "ಕಣ್ಣ ಮೂಡು ತಾತಾ" ಎಂದು, ಕಣ್ಣು ಮುಚ್ಚಲು ಅಪ್ಪಣೆ ಮಾಡಿ, ಅವರ ಹೊಟ್ಟೆಯನ್ನು ತಟ್ಟತೊಡಗಿದಳು.

ಮೀಟಿಂಗ್ ಮುಗಿಸಿ ಇಳಿದು ಬಂದಾಗ ಆ ಹೊಟ್ಟೆಯ ಮೇಲೇ ತಲೆಯಿಟ್ಟು ಅವಳು ಮಲಗಿದ್ದಳು. ಮಾಮ ಫ್ಯಾನ್ ನೋಡುತ್ತ, ಮಾತಾಡಬೇಡ ಎಂದು ನನಗೆ ಕಣ್ಸನ್ನೆ ಮಾಡಿದರು.

ಅಲ್ಲಿಂದ ದಿನವೂ ಇದೇ ಕ್ರಮ. ಇವಳು ತಟ್ಟುವುದು, ರಾಗವಿಲ್ಲದ ಹಾಡು ಹಾಡುವುದು, ಅವರು "ಇಲ್ಲಮ್ಮಾ, ಇನ್ನೂ ಬರ್ತಿಲ್ಲ" ಎಂದು ದೂರುವುದು, ನಡುವೆ ಆ ಭಾರೀ ಆಕಳಿಕೆ. ಅದಕ್ಕೆ ಚಿಟಿಕೆ ಹೊಡೆಯುವುದು ತನ್ನ ಕೆಲಸವೆಂದು ಜಾನು ಹಟ ಹಿಡಿದಳು. ಪುಟ್ಟ ಬೆರಳುಗಳಿಂದ ಸದ್ದೇ ಬರುತ್ತಿರಲಿಲ್ಲ. "ಬರುತ್ತೆ ಬರುತ್ತೆ, ಪ್ರಾಕ್ಟೀಸ್ ಮಾಡು" ಎಂದು ಮಾಮ ಆಮೇಲೆ ತಾವೇ ಹೊಡೆದುಕೊಳ್ಳುತ್ತಿದ್ದರು.

ಒಮ್ಮೆ ಮಾಮಿ ದೇವಸ್ಥಾನಕ್ಕೆ ಹೋಗಿದ್ದಾಗ ಗ್ಯಾಸಿನವನು ಬಂದು ಗೇಟು ಬಡಿದು ಬಡಿದು ಸಿಲಿಂಡರ್ ಸಮೇತ ಹಿಂದಿರುಗಿದ. ಜಾನುವಿನ ಕಾಲು ಮಾಮನ ಎದೆಯ ಮೇಲಿತ್ತು.

"ಅಷ್ಟುದ್ದ ಕಾಲು ಎತ್ತಿಟ್ಟು ಬರಕ್ಕಾಗ್ಲಿಲ್ವಾ ನಿಮಗೆ?" ಎಂದು ಮಾಮಿ ರೇಗಿದರು.

"ಕಾಲು ಎತ್ತಬಹುದು. ಎದ್ದ ಮೇಲೆ ಯಾರು ಮಲಗಿಸ್ತಾರೆ, ನೀನಾ?" ಎಂದರು ಮಾಮ. ಆ ರಾತ್ರಿ ಇಬ್ಬರಿಗೂ ನಮ್ಮ ಮನೆಯಲ್ಲೇ ಊಟವಾಯಿತು.

ಅವತ್ತೇ ನಾನು ಮಾಮಿಗೆ, "ಏನೇ ಹೇಳಿ, ಮಾಮನ ಆ್ಯಕ್ಟಿಂಗ್ ಜೋರಾಗಿದೆ" ಎಂದು ನಗೆಯಾಡಿದೆ. ಮಾಮಿ ನಗಲಿಲ್ಲ.

"ಯಾವ ಆ್ಯಕ್ಟಿಂಗ್? ನೈಟ್ ಡ್ಯೂಟಿ ಮಾಡಿ ಮಾಡಿ ಅವರ ನಿದ್ದೆ ಎಂದೋ ಕೆಟ್ಟೋಯ್ತು. ಆಕಳಿಕೆ ಬರುತ್ತೆ, ನಿದ್ದೆ ಬರಲ್ಲ. ಮಗು ಹತ್ರ ಇದ್ದದ್ದನ್ನ ಇದ್ದ ಹಾಗೇ ಹೇಳಿದಾರೆ, ಪಾಪ."

ನನಗೆ ಸಂಕಟವಾಯಿತು. ನನ್ನ ಕೆಲಸ ಉಳಿಸಿದ ಮನುಷ್ಯ ದಿನವೂ ನಮ್ಮ ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು ತಾನು ಎಚ್ಚರವಿರುತ್ತಿದ್ದ.

ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ತಂದರೂ ಬಲಗೈ ಏಳಲಿಲ್ಲ, ಮಾತು ತೊದಲಿತು. ಕೊಯಮತ್ತೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಅಲ್ಲಿಂದ ಅವರು ತಿರುಗಿ ಬರಲಿಲ್ಲ. ಇಂದಿಗೂ ಯಾರಾದರೂ ದೊಡ್ಡದಾಗಿ ಆಕಳಿಸಿದರೆ ನನಗೆ ಅವರದೇ ಮುಖ ನೆನಪಾಗುತ್ತದೆ.

ಅವರು ಹೊರಡುವ ಹಿಂದಿನ ದಿನ ಮಧ್ಯಾಹ್ನ ಜಾನುವನ್ನು ಕರೆದುಕೊಂಡು ಇಳಿದಿದ್ದೆ. "ನಿದ್ದೆ ಹಗಲೂ ಇಲ್ಲ, ರಾತ್ರೀನೂ ಇಲ್ಲ. ಬರೀ ಫ್ಯಾನ್ ನೋಡ್ತಾ ಇರ್ತಾರೆ" ಎಂದು ಮಾಮಿ ಕಣ್ಣೊರೆಸಿಕೊಂಡರು. ಜಾನು ಯಾರನ್ನೂ ಕೇಳದೆ ಮಂಚ ಹತ್ತಿ ತನ್ನ ಮಾಮೂಲು ಜಾಗದಲ್ಲಿ ಕೂತು ತಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಮಾಮನ ಹುಬ್ಬು ಮೇಲೇರಿತು, ಬಾಯಿ ಸೊಟ್ಟಗೆ ತೆರೆದುಕೊಂಡಿತು. ಬಲಗೈ ಹಾಸಿಗೆಯ ಮೇಲೇ ಬಿದ್ದಿತ್ತು. ಜಾನು ಬಗ್ಗಿ ಅವರ ಬಾಯಿಯ ಮುಂದೆ ಚಿಟಿಕೆ ಹೊಡೆದಳು. ಸದ್ದು ಬಂತು. ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಅವಳು ಹಾಡುತ್ತಲೇ ಇದ್ದಳು. ಮಾಮನ ಕಣ್ಣು ಮುಚ್ಚಿತು, ಆಮೇಲೆ ಸಣ್ಣಗೆ ಗೊರಕೆ ಶುರುವಾಯಿತು. ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತರು. ಜಾನು ಮಂಚದಿಂದ ಜಾರಿ ಇಳಿದು, ತುದಿಗಾಲಲ್ಲಿ ನಡೆದು ಬಂದು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಹೊರಗೆ ಕರೆದಳು.

ಅವತ್ತು ಮಧ್ಯಾಹ್ನ ಅವಳು ಮಲಗಲಿಲ್ಲ. ನಾನೂ ಮಲಗು ಎನ್ನಲಿಲ್ಲ.