ಬಚ್ಚಲ ಗುಂಡಿಗೆ ಬೂದಿ

ಮೊನ್ನೆ ಹಿತ್ತಲಿನ ಬಚ್ಚಲ ಗುಂಡಿ ಬಳಿಯಲು ಬಂದಾತ ಮುಚ್ಚಳ ತೆಗೆದವನೇ ಮೂಗು ಮುಚ್ಚಿಕೊಂಡು, "ಒಸಿ ಬೂದಿ ಕೊಡಿ ಅಜ್ಜಿ, ಸುರುದ್ರೆ ನಾತ ಓಯ್ತದೆ" ಎಂದ. ನಾನೂ ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ನೀವು ನಗಬಹುದು, ಕೊಳೆ ನೀರಿನ ವಾಸನೆಗೆ ಅತ್ತೆ ನೆನಪಾಗಿ ಕಣ್ಣು ತುಂಬಿಕೊಳ್ಳುವ ಸೊಸೆ ನಾನೊಬ್ಬಳೇ ಇರಬೇಕು.

ನಾನು ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದದ್ದು ನಲವತ್ತರ ದಶಕದಲ್ಲಿ. ಅತ್ತೆಯ ಜೀವವೆಲ್ಲ ಇಬ್ಬರ ಮೇಲೆ: ಮಗಳು ನಾಗು, ಹಸು ಗೌರಿ. ಯಾರ ಮೇಲೆ ಹೆಚ್ಚು ಎಂದು ಕೇಳುವ ಧೈರ್ಯ ನಾಗುವಿಗೂ ಇರಲಿಲ್ಲ.

ಆ ವರ್ಷ ತೊಲೆಗಳಿಗೆ ಗೆದ್ದಲು ಹತ್ತಿತ್ತು. ಮಾವ ಪಾಷಾಣ ಬಳಿಸಿ, ಮಿಕ್ಕಿದ್ದನ್ನು ಯಾರೂ ಮುಟ್ಟದಿರಲೆಂದು ಬಚ್ಚಲ ಗುಂಡಿಗೆ ಸುರಿಸಿದರು. ಅದು ಕಪ್ಪು ಕೆಸರಿನಲ್ಲಿ ತೆಪ್ಪಗೆ ಕೂತಿತ್ತು. ಗುಂಡಿಯಿಂದ ಹರಿದು ಬರುವ ನೀರಿಗೆ ಗೌರಿ ಆಗಾಗ ಬಾಯಿ ಹಾಕುತ್ತಿದ್ದಳು, ಏನೂ ಆಗಿರಲಿಲ್ಲ.

ಅಷ್ಟರಲ್ಲಿ ನಾಗುವನ್ನು ನೋಡಲು ಚನ್ನರಾಯಪಟ್ಟಣದವರು ಬರುವುದೆಂದಾಯಿತು. ಅತ್ತೆಗೆ ಗುಂಡಿಯದೇ ಚಿಂತೆ. "ಈ ನಾತಕ್ಕೆ ಬೀಗ್ರು ಬಾಗ್ಲಿಂದ್ಲೇ ಓಯ್ತಾರೆ ಕಣವ್ವಾ" ಎಂದು ಒಲೆಯ ಬೂದಿಯನ್ನೆಲ್ಲ ಮಂಕರಿಗಟ್ಟಲೆ ಸುರಿಸಿ ಕಲಕಿಸಿದರು. ನಾತವೇನೋ ಹೋಯಿತು. ಮಾರನೆಯ ದಿನ ಗೌರಿಯೂ ಹೋದಳು.

ಹಾಸನದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ಯಜಮಾನರು ಬಂದು ಗುಂಡಿ ನೋಡಿದರು. "ಕೊಳೆತ ಕೆಸರಲ್ಲಿ ಗಂಧಕ ಇರ್ತದೆ ಕಣವ್ವಾ, ಆ ನಾತ ಅದ್ರುದೇ. ಅದು ಪಾಷಾಣನ ಇಡ್ಕಂಡು ತಳದಲ್ಲೇ ಕೂರ್ಸಿರ್ತದೆ. ಬೂದಿ ಕ್ಷಾರ ಬಿದ್ದು ಕಲಕುದ್ರೆ ಬುಟ್ಬುಡ್ತದೆ, ಇಸಾ ನೀರಿಗೆ ಬತ್ತದೆ."

"ಅಂಗಾರೆ ಆ ನಾತವೇ ನನ್ ಗೌರೀನ ಕಾಯ್ತಿತ್ತಾ ಮಗಾ?"

ಮೇಷ್ಟ್ರು ಹೋಗಿ ಅವ್ವನ ಪಕ್ಕ ಕೂತರು.

ಹಸು ಸತ್ತ ಮನೆಯೆಂದು ತಿಳಿದರೆ ಸಂಬಂಧ ಮುರಿದೀತು, ಯಾರೂ ಬಾಯಿ ಬಿಡಕೂಡದು ಎಂದರು ಮಾವ. ಆದರೆ ಬೀಗರು ಬಂದ ದಿನ ಹಾಲಿಲ್ಲದ ಕಾಫಿ ನೋಡಿ ಗಂಡಿನ ತಾಯಿ, "ಕರಾವು ಇಲ್ವಾ?" ಎಂದದ್ದೇ ತಡ, ಅತ್ತೆ ಅತ್ತೇಬಿಟ್ಟರು. ಬೂದಿ ಸುರಿಸಿದ್ದನ್ನೂ ಮುಚ್ಚಿಡಲಿಲ್ಲ. ಮಾವ ತಲೆ ತಗ್ಗಿಸಿದರು. ಬಾಗಿಲ ಹಿಂದೆ ನಾಗು ನನ್ನ ಕೈ ಬಿಗಿಯಾಗಿ ಹಿಡಿದಳು. ಆ ತಾಯಿ ತಮ್ಮ ಸೆರಗಿನಿಂದ ಅತ್ತೆಯ ಕಣ್ಣೊರೆಸಿ, "ಹಸುಗೆ ಇಷ್ಟ್ ಮರುಗೋ ಮನೆ ಹೆಣ್ಣು ನಮ್ಮನೇಗೇ ಬರ್ಲಿ ಬುಡವ್ವಾ" ಎಂದು ಆ ಕರೀ ಕಾಫಿಯನ್ನೇ ಕುಡಿದರು. ಈಗಲೂ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ನಾಗು ಆ ಮನೆಗೇ ಸೇರಿದಳು. ಅತ್ತೆ ಮಾತ್ರ ಮತ್ತೆ ಹಸು ಕಟ್ಟಲಿಲ್ಲ.

"ಬೂದಿ ಬ್ಯಾಡ ಕಣಪ್ಪಾ, ನಾತ ಇದ್ರೆ ಇರ್ಲಿ" ಎಂದೆ ಮೊನ್ನೆ. ಆತ ಅಜ್ಜಿಗೆ ಅರಳುಮರಳೆಂಬಂತೆ ನೋಡಿದ. ಮೂಗಿಗೆ ಹಿಡಿದಿದ್ದ ಸೆರಗನ್ನು ತೆಗೆದು, ಕೆಲಸ ಮುಗಿಯುವವರೆಗೂ ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ.