ಕೆಂಪು ದೀಪ ಹತ್ತಿದಾಗ ಓದಿದವರು

ಮಧ್ಯಾಹ್ನ ಓದಲು ಕೂರುವ ಮುಂಚೆ ಅಕ್ಕ ಒಂದು ಲೋಟ ಬಿಸಿನೀರು ಕುಡಿಯುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ಆಮೇಲೆ ಕಣ್ಣು ಮುಚ್ಚಿ, "ನಾಲಿಗೆ ತಪ್ಪದ ಹಾಗೆ ನೋಡ್ಕೊಳ್ಳಪ್ಪ" ಎಂದು ದೇವರಿಗೆ ಒಂದು ಮಾತು ಹೇಳುತ್ತಾರೆ. ಜ್ವರ ಬಂದ ದಿನವೂ ಇದನ್ನು ಬಿಟ್ಟವರಲ್ಲ.

ಓದುವುದೇ ಅವರ ಕಸುಬು. ಮದುವೆಗೆ ಮುಂಚೆಯೇ ಒಂದು ಪ್ರೆಸ್ಸಿಗೆ ಸೇರಿದ್ದರು. ಪ್ರೂಫ್ ತಿದ್ದುವವರ ಎದುರು ಕೂತು ಮೂಲ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ. ಬರಿಯ ಮಾತುಗಳನ್ನು ಓದಿದರೆ ಸಾಲದು, ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. "ಅವನು ಬಂದ ಕಾಮಾ ಕೂತ ಕಾಮಾ ಎದ್ದು ಹೋದ ಫುಲ್‌ಸ್ಟಾಪ್." ಮೆಷೀನುಗಳ ಗಡಗಡ ಸದ್ದಿನ ಮೇಲೆ ಕೇಳಿಸುವ ಹಾಗೆ ಎಷ್ಟೋ ವರ್ಷ ಹೀಗೆ ಓದಿದರು. ಅಲ್ಲಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಫುಲ್‌ಸ್ಟಾಪ್ ಅಕ್ಕ ಎಂದೇ. ಪ್ರೆಸ್ಸು ಮುಚ್ಚಿತು, ಹೆಸರೂ ಅಲ್ಲಿಗೇ ನಿಂತಿತು. ಆದರೆ ಒಂದು ರೂಢಿ ಉಳಿದುಕೊಂಡಿತು. ಮನೆಗೆ ಬೆಂಕಿ ಬಿದ್ದರೂ ಹಿಡಿದ ವಾಕ್ಯವನ್ನು ಮುಗಿಸದೆ ಅಕ್ಕ ಏಳುವುದಿಲ್ಲ.

ಈಗ ಅವರು ಒಂದು ಲೈಬ್ರರಿಯ ಪರವಾಗಿ, ಕಣ್ಣು ಕಳೆದುಕೊಂಡವರಿಗೆ ಮನೆಯಿಂದಲೇ ಓದಿ ಹೇಳುತ್ತಾರೆ. ಫ್ರಿಜ್ಜಿನ ಪಕ್ಕದ ಸಣ್ಣ ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಮೈಕು. ಇಲ್ಲಿ ಓದಿದ್ದು ಊರಿನ ಇನ್ನೊಂದು ತುದಿಯಲ್ಲಿ ಟೀಚರಮ್ಮನ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತದೆ. ಟೀಚರಮ್ಮ ನಿವೃತ್ತರು. ಮದುವೆಯಾದವರಲ್ಲ, ತಂಗಿಯ ಮಗಳ ಮನೆಯಲ್ಲಿದ್ದಾರೆ. ಕಣ್ಣು ಹೋಗಿ ಬಹಳ ಕಾಲವಾಗಿದೆ. "ದಿನದಲ್ಲಿ ನಂಗೆ ಬೆಳಕಾಗೋದು ಇದೊಂದು ಗಂಟೆ ಕಣಮ್ಮ" ಎನ್ನುತ್ತಿದ್ದರು.

ಇಂಟರ್ನೆಟ್ಟು ಕೈಕೊಡಲು ಶುರುವಾದದ್ದು ಒಂದು ಹೊಸ ಕಾದಂಬರಿಯ ನಡುವೆ. ಓದುತ್ತಿದ್ದ ಹಾಗೆಯೇ ರೂಟರಿನ ಹಸಿರು ದೀಪ ಕೆಂಪಾಗುವುದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಹಸಿರಾಗುವುದು. ಮೊದಲ ದಿನ ಅಕ್ಕ ಹಿಡಿದ ವಾಕ್ಯ ಮುಗಿಸಿ, ಪುಟದಲ್ಲಿ ಬೆರಳಿಟ್ಟು ಕಾದರು. ಲೈನು ಬಂದ ಮೇಲೆ ಕೇಳಿದರು.

"ಟೀಚರ್, ಲೈನ್ ಹೋಗಿತ್ತು. ಎಲ್ಲೀವರೆಗೆ ಕೇಳಿಸ್ತು?"

"ಎಲ್ಲೋಯ್ತು? ದೋಣಿಯವನು ಆಚೆ ದಡ ಸೇರಿದ, ಅಲ್ಲಿ ಯಾರೂ ಇರಲಿಲ್ಲ. ಮುಂದೆ ಓದು."

ಅಕ್ಕನ ಬೆರಳಿದ್ದ ಪುಟದಲ್ಲಿ ದೋಣಿಯವನು ಇನ್ನೂ ಹಗ್ಗ ಬಿಚ್ಚುತ್ತಿದ್ದ. ಹಾಳೆ ತಿರುವಿದರು. ಮುಂದಿನ ಪುಟದ ಕೊನೆಯಲ್ಲಿ ಅವನು ದಡ ಸೇರಿದ್ದ. ಅಲ್ಲಿ ಯಾರೂ ಇರಲಿಲ್ಲ.

ಆ ಪುಸ್ತಕ ಲೈಬ್ರರಿಗೆ ಬಂದದ್ದೇ ಆಗ. ಇದ್ದ ಒಂದೇ ಪ್ರತಿ ಅಕ್ಕನ ಕೈಯಲ್ಲಿತ್ತು.

ಊಹೆ ಮಾಡಿರಬೇಕು, ಕಥೆ ಕೇಳಿ ಕೇಳಿ ಪಳಗಿದ ಕಿವಿ ಎಂದುಕೊಂಡರು. ಮಾರನೆಯ ದಿನ ದೀಪ ಕೆಂಪಾದ ಕೂಡಲೇ, ಜೀವಮಾನದಲ್ಲಿ ಮೊದಲ ಸಲ, ವಾಕ್ಯದ ನಡುವೆಯೇ ಬಾಯಿ ಮುಚ್ಚಿದರು. ಮನೆಯೆಲ್ಲ ಗಪ್‌ಚಿಪ್. ಮಾಳಿಗೆಯ ಮೇಲೆಲ್ಲೋ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಲೈನು ಬಂತು.

"ಇವತ್ತು ಶೀತ ಆಗಿದ್ಯೇನಮ್ಮ?" ಎಂದರು ಟೀಚರಮ್ಮ. "ಧ್ವನಿ ಬೇರೆ ಥರ ಇತ್ತು. ಹಿಂದೆ ಏನೋ ಗಡಗಡ ಅಂತಿತ್ತು. ಅಲ್ಲ, ಕಾಮಾ ಫುಲ್‌ಸ್ಟಾಪ್ ಅಂತೆಲ್ಲ ಯಾಕೆ ಬಾಯಲ್ಲಿ ಹೇಳ್ತಿದ್ದೆ? ನಂಗೇನು ಡಿಕ್ಟೇಷನ್ ಕೊಡ್ತಿದ್ಯಾ?"

ಟೀಚರಮ್ಮ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಪ್ರೆಸ್ಸಿನ ದಿನಗಳ ವಿಷಯವನ್ನು ಅವರು ಟೀಚರಮ್ಮನಿಗೆ ಎಂದೂ ಹೇಳಿರಲಿಲ್ಲ.

ಅಕ್ಕನ ಮನೆಯವರು ಬಸ್ ಡ್ರೈವರು. ಎಂಜಿನ್ನು ಕೆಮ್ಮಿದರೂ ಕಾರಣ ಹುಡುಕುವ ಮನುಷ್ಯ. "ಲೈನ್ ಹೋದ್ರೆ ಒಳ್ಳೇದೇ ಬಿಡು, ನಿನ್ನ ಬಾಯಿಗೂ ಒಂದಿಷ್ಟು ರಜ" ಎಂದು ಕಿಚಾಯಿಸುತ್ತಲೇ ಕೆಲಸಕ್ಕೆ ಇಳಿದರು. ರೂಟರನ್ನು ಆರಿಸಿ ಹಾಕಿದರು, ಫ್ರಿಜ್ಜಿನಿಂದ ದೂರ ಇಟ್ಟರು, ಬೇರೆ ಪ್ಲಗ್ಗಿಗೆ ಸಿಕ್ಕಿಸಿದರು, ಕಂಪ್ಯೂಟರಿನ ವೈರನ್ನೇ ಬದಲಿಸಿದರು. ದೀಪ ಜಗ್ಗಲಿಲ್ಲ. ಮನಸ್ಸು ಬಂದಾಗ ಕೆಂಪು, ಮನಸ್ಸು ಬಂದಾಗ ಹಸಿರು.

ಹೀಗಿರುವಾಗಲೇ ಅಕ್ಕ ಒಂದು ಎಡವಟ್ಟು ಮಾಡಿದರು. ತಡೆಯಲಾರದೆ ಟೀಚರಮ್ಮನ ತಂಗಿಯ ಮಗಳಿಗೆ ಫೋನ್ ಮಾಡಿ, ಲೈನು ಹೋದಾಗ ನಿಮ್ಮ ಕಡೆ ಏನು ಕೇಳಿಸುತ್ತದೆ ಎಂದು ವಿಚಾರಿಸಿದರು. ಆಕೆ ಆಸ್ಪತ್ರೆಯಲ್ಲಿ ನರ್ಸು. ಓದಿನ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

"ಆಂಟಿ, ಲೈನೇ ಇಲ್ದಾಗ ದೊಡ್ಡಮ್ಮಂಗೆ ಓದು ಕೇಳಿಸ್ತಿದೆ ಅಂದ್ರೆ ತಲೇಲಿ ಏನೋ ಏರುಪೇರಾಗಿದೆ ಅಂತ ಅರ್ಥ. ದಿನಾ ಇಂಥವರನ್ನ ನೋಡ್ತೀನಿ. ಇನ್ನು ಓದು ನಿಲ್ಲಿಸಿಬಿಡೋಣ. ಇದರಿಂದ ಜಾಸ್ತಿಯಾಗುತ್ತೆ."

"ಅಯ್ಯೋ, ಬೇಡಮ್ಮ. ಆ ಗಂಟೆಗೋಸ್ಕರನೇ ಜೀವ ಹಿಡ್ಕೊಂಡಿದಾರೆ. ಈ ವಾರ ಒಂದು ನೋಡೋಣ."

"ಈ ವಾರ ಅಷ್ಟೇ ಆಂಟಿ."

ತಮ್ಮ ಬಾಯಿಂದಲೇ ಟೀಚರಮ್ಮನ ಬೆಳಕು ಆರುವ ಹಾಗಾಯಿತಲ್ಲ ಎಂದು ಅಕ್ಕನಿಗೆ ಅನ್ನ ಇಳಿಯಲಿಲ್ಲ.

ಕೇಬಲ್ಲಿನವನನ್ನು ಕರೆಸಿದರು. ಹೊಟ್ಟೆ ಮುಂದೆ ಬಂದ, ನಡುವಯಸ್ಸಿನ, ಬಾಯಿ ತೆರೆದರೆ ತಮಾಷೆಯ ಮನುಷ್ಯ. ಅಕ್ಕ ಅವನಿಗೆ ಏನನ್ನೂ ಮುಚ್ಚಿಡಲಿಲ್ಲ.

"ಬಿಡಿ ಅಕ್ಕ, ನಂ ಕಂಪನಿ ಲೈನಲ್ಲಿ ಬದುಕಿರೋರ ಮಾತೇ ಸರಿಯಾಗಿ ಹೋಗಲ್ಲ, ಇನ್ನು ದೆವ್ವದ್ದು ಹೋಗುತ್ತಾ?" ಎಂದು ನಕ್ಕ. ಆಮೇಲೆ ಕೆಲಸದ ಮಾತಾಡಿದ. "ಅವರ ಕಡೆ ಸದ್ದು ಎಲ್ಲಿ ಕಟ್ ಆಗುತ್ತೆ ಅಂತ ಗೊತ್ತಾಗ್ಬೇಕು. ನಾಳೆ ನನ್ನ ಹಳೇ ಫೋನನ್ನ ಟೀಚರಮ್ಮನ ಸ್ಪೀಕರ್ ಪಕ್ಕ ರೆಕಾರ್ಡಿಗೆ ಇಟ್ಟು ಬರ್ತೀನಿ. ನೀವು ಎಂದಿನ ಹಾಗೆ ಓದಿ. ನಾನು ಮೇಲಿಂದ ವೈರ್ ನೋಡ್ಕೊಂಡು ಬರ್ತೀನಿ."

ಮಾರನೆಯ ಮಧ್ಯಾಹ್ನ ಅಕ್ಕ ಓದುತ್ತಿದ್ದಾಗ ದೀಪ ಕೆಂಪಾಯಿತು. ಅಕ್ಕ ಪುಸ್ತಕವನ್ನೇ ಮುಚ್ಚಿಟ್ಟು ಎರಡೂ ಕೈಗಳನ್ನು ಬಾಯಿಯ ಮೇಲೆ ಇಟ್ಟುಕೊಂಡು ಕೂತರು. ಆಗ ಅವರಿಗೆ ಗಂಟಲಿನಲ್ಲಿ ಆಯಾಸ ಕಂಡಿತಂತೆ. ಗಟ್ಟಿಯಾಗಿ ಓದುವಾಗ ಆಗುತ್ತದಲ್ಲ, ಅದೇ ಆಯಾಸ.

ಮೇಲಿನಿಂದ ಕೇಬಲ್ಲಿನವನು ಕೂಗಿದ. "ಸಿಕ್ತು ಅಕ್ಕ, ಕಳ್ಳ ಸಿಕ್ಕಿಬಿದ್ದ!"

ವೈರಿನ ಜಾಯಿಂಟು ಮಾಳಿಗೆಯ ನೀರಿನ ಟ್ಯಾಂಕಿನ ಕೆಳಗಿತ್ತು. ಮಧ್ಯಾಹ್ನ ಪಂಪು ಹಾಕಿ ಟ್ಯಾಂಕು ತುಂಬಿ ತುಳುಕಿದಾಗಲೆಲ್ಲ ಜಾಯಿಂಟಿಗೆ ನೀರು ಇಳಿಯುತ್ತಿತ್ತು. ಒಳಗೆಲ್ಲ ಹಸಿರು ಕಿಲುಬು. ಅವನು ಅದನ್ನು ಕತ್ತರಿಸಿ ಎಸೆದು, ಹೊಸ ಜಾಯಿಂಟು ಹಾಕಿ, ಟೇಪು ಸುತ್ತಿ, ಗೋಡೆಯ ಒಣ ಭಾಗಕ್ಕೆ ಸರಿಸಿದ. ಫೋನು ತರಲು ಟೀಚರಮ್ಮನ ಮನೆಗೆ ಹೊರಟ.

ಅವನು ಮತ್ತೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ತಮಾಷೆಯ ಮಾತೊಂದೂ ಇಲ್ಲ. ಅಕ್ಕನ ಮುಖ ನೋಡದೆ, ಅವರ ಗಂಟಲನ್ನೇ ನೋಡುತ್ತಿದ್ದ.

"ಕೇಳಿದ್ಯಾ?" ಎಂದರು ಅಕ್ಕ.

"ಅಲ್ಲೇ, ಅವರ ಮೆಟ್ಟಿಲ ಮೇಲೆ ಕೂತ್ಕೊಂಡು ಕೇಳ್ದೆ. ಲೈನ್ ಹೋದ್ಮೇಲೂ ಓದು ನಿಂತಿಲ್ಲ."

"ಆ ಹುಡುಗಿಗೆ ಏನು ಹೇಳ್ದೆ?"

"ನಿಮ್ಮ ದೊಡ್ಡಮ್ಮನ ತಲೆ ನೆಟ್ಟಗಿದೆ ತಾಯಿ ಅಂದೆ. ಒಂದು ನಿಮಿಷ ಅವರಿಗೂ ಕೇಳಿಸ್ದೆ. ಇಯರ್‌ಫೋನ್ ಕಿತ್ತು ನನ್ನ ಕೈಗೆ ಕೊಟ್ಬಿಟ್ರು. ಆಮೇಲೆ, ಓದು ನಿಲ್ಲಿಸೋದು ಬೇಡ ಅಂದ್ರು."

ಅಕ್ಕ ಕಣ್ಣು ಮುಚ್ಚಿದರು. ಉಸಿರು ನಿಧಾನವಾಗಿ ಹೊರಗೆ ಬಂತು.

ಕೇಬಲ್ಲಿನವನು ಜೇಬಿನಿಂದ ಫೋನು ತೆಗೆದ. ಇಯರ್‌ಫೋನನ್ನು ಅಂಗಿಯ ತುದಿಯಿಂದ ಒರೆಸಿ ಮುಂದೆ ಹಿಡಿದ.

"ನೀವೂ ಒಂದು ಸಲ ಕೇಳಿಬಿಡಿ ಅಕ್ಕ. ಓದ್ತಿರೋದು ಯಾರು ಅಂತ ನಿಮಗಾದ್ರೂ ಗೊತ್ತಾಗುತ್ತೆ. ನಿಮಗೋಸ್ಕರನೇ ಅಳಿಸ್ದೆ ಇಟ್ಕೊಂಡಿದೀನಿ."

"ಬೇಡಪ್ಪ" ಎಂದರು ಅಕ್ಕ. "ನಾಳೆ ಮಧ್ಯಾಹ್ನ ನಾನು ಬಾಯಿ ತೆಗೆದು ಓದ್ಬೇಕು. ಅದನ್ನ ಕೇಳಿದ್ರೆ ಆಗಲ್ಲ. ತಗೊಂಡು ಹೋಗು."