ಕಂಪ್ಲಿಗೆ ಹೋದ ಬೀಸುಕಲ್ಲು

ಗದಗಿನಲ್ಲಿ ರೈಲು ಹತ್ತುವಾಗ ನಮ್ಮ ಮನೆಯವರ ಕೈಚೀಲದಲ್ಲಿ ಹಂಪಿಯ ನಕ್ಷೆಯಿತ್ತು, ನನ್ನದರಲ್ಲಿ ಸಜ್ಜೆ ರೊಟ್ಟಿ ಮತ್ತು ಶೇಂಗಾ ಚಟ್ನಿ. ಅವರು ಹೈಸ್ಕೂಲು ಮಾಸ್ತರರು. ಬೇಸಿಗೆ ರಜೆಯಲ್ಲಿ ಯಾವುದಾದರೂ ಹಾಳು ಗುಡಿಯನ್ನು ಅಳೆಯದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮುಂಬಯಿ ಇಲಾಖೆಯಲ್ಲಿ ಹತ್ತಿ, ನಿಜಾಮರ ಸೀಮೆ ದಾಟಿ, ಮದ್ರಾಸ್ ಇಲಾಖೆಯ ಹೊಸಪೇಟೆಯಲ್ಲಿ ಇಳಿದೆವು. ಸರಕಾರ ಮೂರಾದರೂ ಸೆಖೆ ಮಾತ್ರ ಒಂದೇ. ಜಟಕಾದವನು ಹಂಪಿಗೆ ಹನ್ನೆರಡಾಣೆ ಕೇಳಿ, ನನ್ನ ಮುಖ ನೋಡಿ ಎಂಟಕ್ಕೆ ಇಳಿದ. ಹಂಪಿ ಬಜಾರಿನಲ್ಲಿ ಕಲ್ಲುಮಂಟಪಕ್ಕೆ ಮಣ್ಣಿನ ಗೋಡೆ ಕಟ್ಟಿಕೊಂಡು ವಾಸವಿದ್ದ ಒಂದು ಸಂಸಾರದವರು ನಮಗೆ ಬಿಡಾರ ಕೊಟ್ಟರು.

ಮರುದಿನ ನಮ್ಮ ಮನೆಯವರು ಟೇಪು ಹಿಡಿದು ಕಂಬ ಅಳೆಯತೊಡಗಿದರು. ಟೇಪಿನ ಇನ್ನೊಂದು ತುದಿ ಹಿಡಿದು ಸಾಕಾಗಿ ನಾನು ಟಕ್ ಟಕ್ ಸದ್ದಿನ ಬೆನ್ನು ಹತ್ತಿ ಹೋದೆ. ದೊಡ್ಡ ಬಂಡೆಯೊಂದರ ನೆರಳಲ್ಲಿ ಹೆಂಗಸೊಬ್ಬಳು ಬೀಸುಕಲ್ಲು ಕಡಿಯುತ್ತಿದ್ದಳು. ಪಕ್ಕದಲ್ಲಿ ಗಂಡ ಸುಮ್ಮನೆ ಕುಳಿತಿದ್ದ.

"ಈ ಕಡೆ ಬಂದು ಕುಂದ್ರಿ ಅಕ್ಕಾರ, ಅಲ್ಲಿ ಚೂರು ಸಿಡಿತಾವು," ಎಂದಳು. ಅವಳು ಗಂಗವ್ವ, ಅವನು ಹುಲಿಗೆಪ್ಪ.

ಅಂಥದೇ ಒಂದು ಚೂರು ಹೋದ ವರ್ಷ ಹುಲಿಗೆಪ್ಪನ ಕಣ್ಣು ತೆಗೆದಿತ್ತು. ಇನ್ನೊಂದು ಕಣ್ಣಿಗೆ ಬೆಳಕಷ್ಟೇ ಕಾಣುತ್ತಿತ್ತು. ಅವರ ಕಸುಬಿನವರಲ್ಲಿ ಹೆಂಗಸರು ಮನೆಮನೆಗೆ ಹೋಗಿ ಸವೆದ ಬೀಸುಕಲ್ಲಿಗೆ ಉಳಿ ಹೊಡೆದು ಒರಟು ಮಾಡಿಕೊಡುತ್ತಾರೆ. ಹೊಸ ಕಲ್ಲು ಕಡಿಯುವುದು ಗಂಡಸರ ಕೆಲಸ. ಈಗ ಗಂಗವ್ವ ಕಡಿಯುತ್ತಿದ್ದುದು ಅವಳ ಜನ್ಮದ ಮೊದಲ ಕಲ್ಲು. ಕಂಪ್ಲಿಯ ಗೌಡರ ಮನೆಯವರು ಮಗಳ ಲಗ್ನಕ್ಕೆಂದು ಮಾಡಲು ಹೇಳಿದ್ದು. ಅದು ಒಪ್ಪಿಗೆಯಾದರೆ ಆ ಕಡೆಯ ಮನೆಗಳೆಲ್ಲ ಇವರ ಕೈಗೆ ಬಂದಂತೆ. ಆಗದಿದ್ದರೆ ಕಸುಬು ಬಿಟ್ಟು ಕಲ್ಲು ಒಯ್ದ ಬಾಡಿಗೆ ಬಂಡಿಯಲ್ಲೇ ಸಂಡೂರಿಗೆ, ಮ್ಯಾಂಗನೀಸ್ ಗಣಿಯ ಕೂಲಿಗೆ.

"ಗುಡ್ಡದಾಗ ಬುಟ್ಟಿ ಹೊರಾಕ ಕಣ್ಣು ಬ್ಯಾಡ್ರಿ," ಎಂದು ಹುಲಿಗೆಪ್ಪ ನಕ್ಕ. ಗಂಗವ್ವ ನಗಲಿಲ್ಲ.

ಅವರಲ್ಲಿ ಒಂದು ಪದ್ಧತಿಯಿದೆ. ಹೊಸ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಮೊದಲ ರೊಟ್ಟಿಯನ್ನು ಕಲ್ಲು ಕಡಿದವರೇ ಕೊಳ್ಳುವವರ ಎದುರು ಕುಳಿತು ತಿನ್ನಬೇಕು. ಪಲ್ಯವಿಲ್ಲ, ಬೆಣ್ಣೆಯಿಲ್ಲ, ಬರೀ ರೊಟ್ಟಿ. ಹಲ್ಲಿಗೆ ಹರಳು ಸಿಕ್ಕರೆ ಕಲ್ಲು ಎತ್ತಿಕೊಂಡು ಹೋಗಬೇಕು.

ನನಗೂ ಕಲಿಸು ಎಂದು ಗಂಟುಬಿದ್ದೆ. "ಹಾವಿನ ಕುತ್ತಿಗಿ ಹಿಡದಂಗ ಹಿಡೀಬ್ಯಾಡ್ರಿ. ಕೂಸಿನ ಕೈ ಹಿಡದಂಗ ಹಿಡೀರಿ," ಎಂದು ಉಳಿ ಕೊಟ್ಟಳು. ಹಾಗೆಯೇ ಹಿಡಿದೆ, ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ನಮ್ಮ ಮನೆಯವರು ರಾತ್ರಿ ಊಟಕ್ಕೆ ಕುಳಿತಾಗ ಬಟ್ಟೆ ಸುತ್ತಿದ ಬೆರಳು ನೋಡಿ, "ಇಡೀ ಹಂಪಿ ಕಟ್ಟಿದವರಿಗೂ ಇಷ್ಟು ಪೆಟ್ಟು ಬಿದ್ದಿರಲಿಕ್ಕಿಲ್ಲ," ಎಂದರು. ಮರುದಿನವೂ ಹೋದೆ. ಸಂಜೆಯ ಹೊತ್ತಿಗೆ ಅಂಗೈಯಗಲದ ಜಾಗ ಒಂದೇ ಸಮನಾಗಿ ಒರಟಾಗುವಂತೆ ಹೊಡೆಯಲು ಬಂತು. ನನಗೆ ಪದವಿ ಸಿಕ್ಕಷ್ಟು ಹಿಗ್ಗಾಯಿತು.

ಎರಡು ಹೋಳು ಕೂಡಿಸಿ ಜೋಳ ಬೀಸಿದ ದಿನ ಮಾತ್ರ ಎದೆ ಒಡೆಯಿತು. ಚಿಟಿಕೆ ಹಿಟ್ಟು ನಾಲಗೆಗೆ ಹಾಕಿದೆ. ಕರಕರ ಅಂದಿತು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಲಿಗೆಪ್ಪ ಕಲ್ಲಿನ ಮುಖದ ಮೇಲೆ ಬೆರಳಾಡಿಸಿದ.

"ಸವದ ಕಲ್ಲಿಗೆ ಹೊಡಿಯೋ ಏಟು ಹೊಡದೀ. ಹಳೇದಕ್ಕ ಆಳ ಬೇಕು, ಹೊಸಾದಕ್ಕ ಬ್ಯಾಡ. ಏಟಿನ ಅಂಚು ಇನ್ನೂ ಉದುರತಾವು."

ಹುಟ್ಟಿದಾಗಿನಿಂದ ಹಳೆಯ ಕಲ್ಲುಗಳ ಮೇಲೇ ಓಡಿದ ಕೈ, ಪಾಪ, ಅದಕ್ಕೇನು ಗೊತ್ತು! ಹಸಿ ಮರಳು ಹಾಕಿ ಬೀಸಿ ಅಂಚು ಸವೆಸಬೇಕು, ಆಮೇಲೆ ತೌಡು ಬೀಸಿ ಮರಳು ತೆಗೆಯಬೇಕು ಎಂದು ಹುಲಿಗೆಪ್ಪ ಹೇಳಿದ. ಬೀಸುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನೂ ಗಂಗವ್ವನೂ ಎದುರುಬದುರು ಕುಳಿತು ಒಂದೇ ಗೂಟ ಹಿಡಿದೆವು. ನಮ್ಮೂರ ಹಾಡು ನಾನು, ಅವರೂರ ಹಾಡು ಅವಳು. ಹುಲಿಗೆಪ್ಪ ಆಗಾಗ ಕಿವಿಯಿಟ್ಟು ಕೇಳಿ, "ಇನ್ನೂ ಹರಳು ಉಗುಳತೈತಿ," ಎನ್ನುತ್ತಿದ್ದ. ಹೊತ್ತು ಇಳಿಯುವಾಗ ತೌಡು ಬೀಸಿ, ಆಮೇಲೆ ಜೋಳ ಬೀಸಿದೆವು. ಹುಲಿಗೆಪ್ಪ ಹಿಟ್ಟು ನೆಕ್ಕಿದ. "ನಾಳೆ ಹೋಗೋಣು," ಎಂದಷ್ಟೇ ಹೇಳಿದ.

ಕಂಪ್ಲಿಯಲ್ಲಿ ಕೋಟೆಯಿದೆ ಎಂದು ಆಸೆ ತೋರಿಸಿ ನಮ್ಮ ಮನೆಯವರನ್ನೂ ಆ ಬಾಡಿಗೆ ಬಂಡಿಗೆ ಹತ್ತಿಸಿದೆ. ಬಂಡಿಯಲ್ಲಿ ಹುಲ್ಲಿನ ಮೇಲೆ ಕಲ್ಲು, ಪಕ್ಕದಲ್ಲಿ ಗಡಿಗೆ ಮಡಕೆ, ಬುಟ್ಟಿಯಲ್ಲಿ ಒಂದು ಕೋಳಿ. ಸಂಡೂರಿನಲ್ಲಿ ಬೇಕಾಗುವುದಿಲ್ಲವೆಂದು ಸುತ್ತಿಗೆಯನ್ನು ಗಂಗವ್ವ ಬಟ್ಟೆಗಂಟಿನ ತಳಕ್ಕೆ ಹಾಕಿದ್ದಳು. ಕಮಲಾಪುರ ದಾಟಿ ಕಾಲುವೆಯ ತಂಪು ಗಾಳಿ ಬಂದಾಗ ಗಂಡನ ಕಡೆ ಬಾಗಿದಳು.

"ರೊಟ್ಟಿ ನೀನ ತಿಂದುಬಿಡು. ಹೆಣ್ಣು ಕಡದ ಕಲ್ಲು ಅಂತ ತಿಳದ್ರ ಲಗ್ನದ ಮನಿಯವ್ರು ಮುಟ್ಟಂಗಿಲ್ಲ."

ಹುಲಿಗೆಪ್ಪ ಕೈ ಚಾಚಿ ಹುಲ್ಲಿನ ಮೇಲಿನ ಕಲ್ಲನ್ನು ಸವರಿದ.

ಕಂಪ್ಲಿಯ ಆ ಮನೆಯ ಯಜಮಾನಿ ಗೌಡಶಾನಿ ದೊಡ್ಡ ದನಿಯ ಮುದುಕಿ. ತಾನೇ ಬೀಸಿ, ತಾನೇ ರೊಟ್ಟಿ ಬಡಿದು, ಕಟ್ಟೆಯ ಮೇಲೆ ಕುಳಿತಿದ್ದ ಹುಲಿಗೆಪ್ಪನ ಮುಂದೆ ತಾಟು ಇಟ್ಟಳು. "ಹಿಡಿ. ನೀ ಕಡದ ಕಲ್ಲು, ನೀನ ತಿನ್ನು."

ಹುಲಿಗೆಪ್ಪ ತಡವರಿಸಿ ತಾಟು ಹುಡುಕಿ ಹೆಂಡತಿಯ ಕಡೆ ಸರಿಸಿದ. "ಕಡದಾಕಿ ಆಕಿ ಇದ್ದಾಳ್ರಿ, ಅವ್ವಾರ. ತುತ್ತು ಆಕೀದು."

ಗಂಗವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ಗೌಡಶಾನಿ ಬಗ್ಗಿ ಅವಳ ದವಡೆಯ ಹತ್ತಿರ ಕಿವಿಯಿಟ್ಟಳು. ಅವಳು ಅಗಿಯುತ್ತಿದ್ದರೆ ನನ್ನ ಹಲ್ಲು ಕಚ್ಚಿಕೊಂಡವು. ಒಂದು ತುತ್ತು ನುಂಗಿದಳು, ಇನ್ನೊಂದು ಮುರಿದಳು. ಕಣ್ಣಿಂದ ನೀರು ಇಳಿಯತೊಡಗಿತು.

"ಯಾಕ ಅಳ್ತೀ? ಹರಳು ಸಿಕ್ಕಿತೇನು?"

"ಇಲ್ರೀ ಯವ್ವಾ."

ಮುದುಕಿ ಒಳಗೆ ತಿರುಗಿ ಕೂಗಿದಳು: "ಯಾರರ ಬೆಣ್ಣಿ ತಗೊಂಬರ್ರೇ, ಬರೀ ರೊಟ್ಟಿ ತಿನ್ನಾಕತ್ಯಾಳ!"

ನಾನೂ ಅತ್ತುಬಿಟ್ಟೆ. ನಮ್ಮ ಮನೆಯವರು ಕೋಟೆಯ ಮಾತೇ ಎತ್ತಲಿಲ್ಲ.

ಬೇಡವೆಂದರೂ ಕೇಳದೆ ಗಂಗವ್ವ, ಹುಲಿಗೆಪ್ಪ ನಮ್ಮನ್ನು ಹೊಸಪೇಟೆ ಸ್ಟೇಷನ್ನಿನವರೆಗೆ ಬಿಟ್ಟರು. ಸಂಡೂರಿಗೆ ಹೋಗುವ ಬಂಡಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ಇವರ ಬಂಡಿ ಕಂಪ್ಲಿಯ ಕಡೆಗೆ, ಬಂದ ದಾರಿಗೇ ತಿರುಗಿತು. ನಾನು ನೋಡುತ್ತ ನಿಂತೆ. ಗಂಗವ್ವ ಗಂಟಿನೊಳಗೆ ಮೊಳಕೈವರೆಗೆ ಕೈ ತೂರಿಸಿ ಸುತ್ತಿಗೆ ಹೊರಗೆಳೆದು ಮಡಿಲಲ್ಲಿ ಇಟ್ಟುಕೊಂಡಳು.